ತಿಳಿಸುವುದೇ ಬೇರೆ, ಕ್ಲೈಮ್ ಮಾಡುವುದೇ ಬೇರೆ

"ಇನ್ಶೂರೆನ್ಸ್ ಕಂಪನಿಗೆ ಹೇಳೋಕೆ ಹೋಗ್ಬೇಡಿ ಸಾರ್, ಬೋನಸ್ ಹೋಗುತ್ತೆ."

ಸಿಗ್ನಲ್ ಹತ್ತಿರ ಕಾರು ಬೈಕಿಗೆ ತಾಗಿದಾಗ, ಸುತ್ತ ಸೇರಿದವರಲ್ಲಿ ಒಬ್ಬರಾದರೂ ಈ ಮಾತು ಹೇಳಿಯೇ ಹೇಳುತ್ತಾರೆ. ಕಾರಿನವರು ಹೆದರಿ ಬೈಕ್ ಸವಾರನ ಕೈಗೆ ಒಂದಿಷ್ಟು ದುಡ್ಡಿಟ್ಟು, ಗಾಡಿ ನಂಬರನ್ನೂ ಬರೆದುಕೊಳ್ಳದೆ ಹೊರಟುಬಿಡುತ್ತಾರೆ. ಈ ಸಲಹೆ ತಪ್ಪಷ್ಟೇ ಅಲ್ಲ, ಅಪಾಯಕಾರಿ ಕೂಡ.

ಅಪಘಾತದ ಸುದ್ದಿ ತಿಳಿಸಿದ ಮಾತ್ರಕ್ಕೆ ನೋ ಕ್ಲೈಮ್ ಬೋನಸ್, ಅಂದರೆ ಕ್ಲೈಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಹೋಗುವುದಿಲ್ಲ. ನಿಮ್ಮದೇ ಗಾಡಿಯ ರಿಪೇರಿಗೆ ಪಾಲಿಸಿಯ 'ಓನ್ ಡ್ಯಾಮೇಜ್' ಭಾಗದಿಂದ ಹಣ ಪಡೆದರೆ ಹೋಗುತ್ತದೆ. ಹಿಂದಿನ ಪೂರ್ತಿ ವರ್ಷದಲ್ಲಿ ಕ್ಲೈಮ್ ಆಗಿರಬಾರದು, ಇತ್ಯರ್ಥವಾಗದೆ ಉಳಿದ ಕ್ಲೈಮೂ ಇರಬಾರದು ಎಂಬುದು ನಿಯಮ. ಹಾಗಾಗಿ ಕ್ಲೈಮ್ ನಂಬರ್ ಪಡೆದ ಮೇಲೆ 'ನಾನೇ ರಿಪೇರಿ ಮಾಡಿಸಿಕೊಳ್ಳುತ್ತೇನೆ' ಅನ್ನಿಸಿದರೆ, ಹಿಂತೆಗೆದುಕೊಂಡಿದ್ದನ್ನು ಬರವಣಿಗೆಯಲ್ಲಿ ತಿಳಿಸಿ, ಕಡತ ಮುಚ್ಚಿದ್ದಕ್ಕೆ ಉತ್ತರ ತರಿಸಿಕೊಳ್ಳಿ. ಫೋನಿನಲ್ಲಿ ಹೇಳಿ ಸುಮ್ಮನಾದರೆ ನವೀಕರಣದ ಹೊತ್ತಿಗೆ ತಕರಾರು ಏಳಬಹುದು.

ಬೈಕಿನವರು ಪರಿಹಾರ ಕೇಳಿದರೆ? ಅದು ಥರ್ಡ್ ಪಾರ್ಟಿ ಕ್ಲೈಮ್. ಬೋನಸ್ ಅನ್ವಯಿಸುವುದು ಓನ್ ಡ್ಯಾಮೇಜ್ ಪ್ರೀಮಿಯಂಗೆ ಮಾತ್ರ. ಆದ್ದರಿಂದ ಅವರಿಗೆ ಕಂಪನಿ ಲಕ್ಷಗಟ್ಟಲೆ ಕೊಟ್ಟರೂ ನಿಮ್ಮ ಬೋನಸ್‌ಗೆ ಧಕ್ಕೆಯಿಲ್ಲ. ಇನ್ನೊಬ್ಬರಿಗೆ ಗಾಯವಾದರೆ ಅಥವಾ ಅವರ ಆಸ್ತಿಗೆ ಹಾನಿಯಾದರೆ ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸುವುದು ಮೋಟಾರು ವಾಹನ ಕಾಯ್ದೆಯ 134ನೇ ಕಲಮಿನ ಪ್ರಕಾರ ಚಾಲಕರ ಕರ್ತವ್ಯ. ರಸ್ತೆಯಲ್ಲಿ ಎದ್ದು ನಿಂತು 'ಏನೂ ಆಗಿಲ್ಲ' ಅಂದವರ ಕಾಲಿನ ಮೂಳೆ ಬಿರುಕು ಬಿಟ್ಟದ್ದು ಮರುದಿನ ಎಕ್ಸ್‌ರೇಯಲ್ಲಿ ಕಾಣಬಹುದು. ಮುಂದೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ನೋಟಿಸ್ ಮನೆಗೆ ಬಂದಾಗ, ಕಂಪನಿಗೆ ವಿಷಯವೇ ಗೊತ್ತಿಲ್ಲದಿದ್ದರೆ ಕಷ್ಟ ನಿಮಗೇ. ನನ್ನನ್ನು ಕೇಳಿದರೆ, ಇನ್ನೊಬ್ಬರು ಒಳಗೊಂಡ ಯಾವ ಅಪಘಾತವನ್ನೂ ಮುಚ್ಚಿಡಲೇಬಾರದು.

"ತಪ್ಪು ನನ್ನದಲ್ಲ, ನಿಲ್ಲಿಸಿದ್ದ ಕಾರಿಗೆ ಯಾರೋ ಗುದ್ದಿ ಹೋದರು, ಬೋನಸ್ ಯಾಕೆ ಹೋಗಬೇಕು?" ಎಂದು ಕೇಳುವವರ ಸಂಕಟ ನ್ಯಾಯವಾದದ್ದೇ. ಆದರೆ ನಮ್ಮ ದೇಶದಲ್ಲಿ ಬೋನಸ್ ನಿಂತಿರುವುದು ತಪ್ಪು ಯಾರದು ಎನ್ನುವುದರ ಮೇಲಲ್ಲ, ಕ್ಲೈಮ್ ಆಯಿತೇ ಇಲ್ಲವೇ ಎನ್ನುವುದರ ಮೇಲೆ. ನಿಮ್ಮ ಪಾಲಿಸಿಯಿಂದ ರಿಪೇರಿ ಮಾಡಿಸಿದರೆ ಅದು ಹೋಗುತ್ತದೆ. ಮುಂದಿನ ಗಾಜು ಒಡೆದರೂ ಅಷ್ಟೇ, ಬೋನಸ್ ಉಳಿಸುವ ಆಡ್-ಆನ್ ಕೊಂಡಿರದಿದ್ದರೆ.

ಹಾಗಾದರೆ ಸಣ್ಣ ರಿಪೇರಿಗೆ ಕ್ಲೈಮ್ ಮಾಡಬೇಕೇ? ಲೆಕ್ಕ ಹಾಕಿಯೇ ನಿರ್ಧರಿಸಬೇಕು. ಬೋನಸ್ ಮೊದಲ ಕ್ಲೈಮ್‌ರಹಿತ ವರ್ಷಕ್ಕೆ 20%, ಆಮೇಲೆ 25, 35, 45, ಐದನೆಯದಕ್ಕೆ 50%. ಒಂದು ಕ್ಲೈಮ್ ಆದರೆ ಒಂದು ಮೆಟ್ಟಿಲಲ್ಲ, ನೇರ ಸೊನ್ನೆಗೆ ಇಳಿಯುತ್ತದೆ.

ಬಂಪರ್ ಸೀಳಿದೆ ಅನ್ನಿ. ಹೊಸ ಬಂಪರ್ 6,000, ಪೇಂಟಿಂಗ್ 4,000, ಕೂಲಿ 1,000, ಒಟ್ಟು 11,000 ರೂಪಾಯಿ. ಪ್ಲಾಸ್ಟಿಕ್ ಭಾಗಕ್ಕೆ 50% ಸವಕಳಿ ಕಳೆಯುತ್ತಾರೆ, ಪೇಂಟಿಂಗ್ ಬಿಲ್ಲಿನಲ್ಲೂ 500 ಕಡಿತವಾಗುತ್ತದೆ. 1,500 ಸಿಸಿವರೆಗಿನ ಕಾರಾದರೆ 1,000 ರೂಪಾಯಿ ಕಡ್ಡಾಯವಾಗಿ ನೀವೇ ಭರಿಸಬೇಕು. ಕೊನೆಗೆ ಕೈಗೆ ಸಿಗುವುದು 6,500. ಸವಕಳಿ ಕಳೆಯದ 'ಝೀರೋ ಡೆಪ್' ಆಡ್-ಆನ್ ಇದ್ದರೂ 10,000.

ಈಗ ಕಳೆದುಕೊಳ್ಳುವುದನ್ನು ನೋಡಿ. ಬೋನಸ್ ಕಳೆಯುವ ಮೊದಲಿನ ಓನ್ ಡ್ಯಾಮೇಜ್ ಪ್ರೀಮಿಯಂ 12,000 ಇದ್ದು, ನೀವು 50% ತಲುಪಿದ್ದರೆ ಕಟ್ಟುವುದು 6,000. ಕ್ಲೈಮ್ ಆದ ಮೇಲೆ ವರ್ಷದಿಂದ ವರ್ಷಕ್ಕೆ 12,000, 9,600, 9,000, 7,800, 6,600 ಕಟ್ಟಬೇಕು. ಐದು ವರ್ಷದಲ್ಲಿ ಹೆಚ್ಚುವರಿ ಹೊರೆ 15,000. ಐಡಿವಿ (ಕಾರಿನ ವಿಮಾ ಮೌಲ್ಯ) ಇಳಿದಂತೆ ಪ್ರೀಮಿಯಂ ಇಳಿಯುವುದರಿಂದ ಇದು ಕೊಂಚ ತಗ್ಗಬಹುದು, 18% ಜಿಎಸ್‌ಟಿ ಸೇರಿಸಿದರೆ ಮತ್ತೆ ಏರುತ್ತದೆ. ಇದೇ ಪ್ರೀಮಿಯಂನ ಹೊಸ ಕಾರಿಗೆ ಮೊದಲ ವರ್ಷವೇ ಕ್ಲೈಮ್ ಮಾಡಿದರೆ ಹೊರೆ ಸುಮಾರು 6,000 ಮಾತ್ರ, ಅಲ್ಲಿ ಕ್ಲೈಮ್ ಮಾಡುವುದು ಲಾಭವೇ ಆಗಬಹುದು. ಬಾಗಿಲು, ಚಾಸಿಸ್‌ವರೆಗೆ ಪೆಟ್ಟು ಬಿದ್ದು ಬಿಲ್ಲು ಅರವತ್ತು ಸಾವಿರ ದಾಟಿದಾಗ ಬೋನಸ್ ಆಸೆಗೆ ಕ್ಲೈಮ್ ಬಿಡುವುದು ಮಾತ್ರ ದೊಡ್ಡ ನಷ್ಟ.

ಕ್ಲೈಮ್ ಮಾಡಿ, ಕಂಪನಿ ಬದಲಿಸಿ, 'ಇಲ್ಲ' ಎಂದು ಬರೆದುಕೊಟ್ಟರೆ ಗೊತ್ತಾಗುವುದಿಲ್ಲ ಎಂಬ ನಂಬಿಕೆಯೂ ಇದೆ. ಹೊಸ ಕಂಪನಿ ಹಳೆಯ ಕಂಪನಿಯನ್ನು ಕೇಳಿ ಖಚಿತಪಡಿಸಿಕೊಳ್ಳುತ್ತದೆ. ಸುಳ್ಳೆಂದು ತಿಳಿದರೆ ಓನ್ ಡ್ಯಾಮೇಜ್ ಭಾಗದ ಪ್ರಯೋಜನವೇ ರದ್ದಾಗಬಹುದು. ಹಳೆಯ ಕಾರು ಮಾರಿದಾಗ ಬೋನಸ್ ಕಾರಿನ ಜೊತೆ ಹೋಗುತ್ತದೆ ಅನ್ನುವುದೂ ತಪ್ಪು. ಅದು ಮಾಲೀಕರದ್ದು. ಪ್ರಮಾಣಪತ್ರ ಪಡೆದಿಟ್ಟುಕೊಂಡರೆ 3 ವರ್ಷದೊಳಗೆ ಹೊಸ ಕಾರಿಗೆ ಬಳಸಬಹುದು. ಆದರೆ ಒಂದೂ ಕ್ಲೈಮ್ ಮಾಡದವರೂ, ಪಾಲಿಸಿ ಮುಗಿದ 90 ದಿನದೊಳಗೆ ನವೀಕರಿಸದಿದ್ದರೆ ಕೂಡಿಸಿದ ಬೋನಸ್ ಅಷ್ಟನ್ನೂ ಕಳೆದುಕೊಳ್ಳುತ್ತಾರೆ.