ಬರಬಾರದ ಅಕ್ಷರ ಬಂದಾಗ

1988ರ ಕೊನೆಯ ತಿಂಗಳುಗಳು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ಊರಿನಲ್ಲಿ ಗುಡುಗು ಮಳೆಯ ಒಂದು ರಾತ್ರಿ. ಅಲ್ಲಿನ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಬಾರ್ಟನ್ ಮಿಲ್ಲರ್ ಮನೆಯಲ್ಲಿ ಕುಳಿತು, ಟೆಲಿಫೋನ್ ತಂತಿಯ ಮೂಲಕ ವಿಶ್ವವಿದ್ಯಾಲಯದ ಯುನಿಕ್ಸ್ ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಿದ್ದರು. ಮಳೆಗೆ ತಂತಿಯಲ್ಲಿ ಕರಕರ ಸದ್ದು. ಅವರು ಒತ್ತಿದ ಅಕ್ಷರಗಳ ನಡುವೆ ಒತ್ತದ ಅಕ್ಷರಗಳೂ ನುಸುಳಿ ಆ ಬದಿಗೆ ಹೋಗುತ್ತಿದ್ದವು. ತಂತಿ ಹಾಗೆ ಮಾಡುವುದು ಅವರಿಗೆ ಗೊತ್ತಿದ್ದದ್ದೇ. ಆದರೆ ಆ ನಾಲ್ಕಾರು ಕಸದ ಅಕ್ಷರ ತಾಗಿದ್ದಕ್ಕೇ ಆ ಬದಿಯ ಪ್ರೋಗ್ರಾಮುಗಳು ದಿನನಿತ್ಯ ಬಳಸುವಂಥವೇ ಆಗಿದ್ದರೂ ದಬದಬನೆ ಕುಸಿದು ಬೀಳುತ್ತಿದ್ದುದು ಅವರನ್ನು ಯೋಚನೆಗೆ ಹಚ್ಚಿತು.

ಇಲ್ಲಿ ಹೇಳುತ್ತಿರುವುದು ಕಮಾಂಡ್ ಲೈನಿನ ಪುಟ್ಟ ಸಲಕರಣೆಗಳ ಮಾತು. ಸಾಲುಗಳನ್ನು ವಿಂಗಡಿಸುವುದು ‘ಸಾರ್ಟ್’, ಹುಡುಕುವುದು ‘ಗ್ರೆಪ್’, ಎಣಿಸುವುದು ‘ಡಬ್ಲ್ಯೂಸಿ’, ಕತ್ತರಿಸುವುದು ‘ಕಟ್’. ಇವುಗಳಿಗೆ ಚಿತ್ರವಿಲ್ಲ, ಬಣ್ಣವಿಲ್ಲ. ಹೆಸರು ಟೈಪ್ ಮಾಡಿದರೆ ಕೆಲಸ ಮುಗಿಸಿ ಸುಮ್ಮನಾಗುತ್ತವೆ. ಲಿನಕ್ಸ್ ಓಡುವ ಸರ್ವರುಗಳಲ್ಲೆಲ್ಲ ಇವುಗಳ ವಂಶವಿದೆ. ‘ಟಾಯ್‌ಬಾಕ್ಸ್’ ಎಂಬ ಹೆಸರಿನಲ್ಲಿ ಆಂಡ್ರಾಯ್ಡ್ ಫೋನಿನ ಒಳಗೂ ಇದೆ.

ಮಿಲ್ಲರ್ ತಮ್ಮ ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಟ್ಟರು: ಮಳೆ ಮಾಡಿದ್ದನ್ನೇ ನೀವೂ ಮಾಡಿ. ಮನಬಂದಂತೆ ಅಕ್ಷರ ಉಗುಳುವ ಪ್ರೋಗ್ರಾಮೊಂದನ್ನು ಬರೆದು, ಅದಕ್ಕೆ ‘ಫಝ್’ ಎಂದು ಹೆಸರಿಟ್ಟು, ಹಲವು ಕಂಪನಿಗಳ ಯುನಿಕ್ಸ್‌ಗಳಲ್ಲಿದ್ದ ಸುಮಾರು 90 ಸಲಕರಣೆಗಳ ಬಾಯಿಗೆ ಆ ಕಸವನ್ನು ಸುರಿದರು. 1990ರಲ್ಲಿ ಪ್ರಕಟವಾದ ಫಲಿತಾಂಶ ನೋಡಿ: ಯಾವ ಯುನಿಕ್ಸ್ ತೆಗೆದುಕೊಂಡರೂ ಶೇಕಡಾ 24ರಿಂದ 33ರಷ್ಟು ಸಲಕರಣೆಗಳು ಕುಸಿದಿದ್ದವು, ಇಲ್ಲವೇ ಉಸಿರಾಡದೆ ನಿಂತುಬಿಟ್ಟಿದ್ದವು.

ನನಗೆ ಆ ಅಧ್ಯಯನದ ಹೆಚ್ಚು ಬೆಲೆಬಾಳುವ ಭಾಗ ಈ ಅಂಕಿಯ ನಂತರ ಬರುತ್ತದೆ. ಅವರು ಕುಸಿದ ಪ್ರೋಗ್ರಾಮುಗಳ ಒಳಗೆ ಕೈಹಾಕಿ, ಬಗ್ ಎಲ್ಲಿದೆ ಎಂದು ಒಂದೊಂದಾಗಿ ಹುಡುಕಿದರು. ಸಾಲು ಎಷ್ಟು ಉದ್ದವಿದ್ದೀತು ಎಂದು ನೋಡದೆಯೇ ಓದಿ, ಮೀಸಲಿಟ್ಟ ಜಾಗ ತುಂಬಿ ಹೊರಚೆಲ್ಲುವುದು ಅವರು ಪಟ್ಟಿಮಾಡಿದ ಬಗ್‌ಗಳಲ್ಲಿ ಒಂದು. ಸಿ ಭಾಷೆಯ ‘ಗೆಟ್ಸ್’ ಎಂಬ ಕಾರ್ಯ ಮಾಡುತ್ತಿದ್ದುದು ಇದನ್ನೇ. ಅದೇ 1988ರ ನವೆಂಬರ್ 2ರಂದು ಇಂಟರ್ನೆಟ್ಟಿಗೆ ಬಿಟ್ಟ ‘ಮಾರಿಸ್ ಹುಳು’ ಎಂಬ, ತಾನೇ ಹರಡುವ ಪ್ರೋಗ್ರಾಮ್ ಯಂತ್ರಗಳ ಒಳಹೊಕ್ಕ ದಾರಿಗಳಲ್ಲಿ ಈ ಗೆಟ್ಸ್ ತೆರೆದಿಟ್ಟ ಬಾಗಿಲೂ ಒಂದು. 2011ರ ಸಿ ಮಾನಕ ಗೆಟ್ಸನ್ನು ಕಿತ್ತುಹಾಕಿತು.

ಪಟ್ಟಿಯಲ್ಲಿದ್ದ ಇನ್ನೊಂದು ಬಗ್ ಕನ್ನಡದವರಾದ ನಮಗೆ ನೇರವಾಗಿ ತಟ್ಟುವಂಥದ್ದು. ಕಂಪ್ಯೂಟರಿನ ಒಂದು ಬೈಟ್ 0ರಿಂದ 255ರವರೆಗಿನ ಸಂಖ್ಯೆ ಹಿಡಿಯಬಲ್ಲದು. ಇಂಗ್ಲಿಷಿನ ಅಕ್ಷರ, ಅಂಕಿ, ಚಿಹ್ನೆಗಳಿಗೆ 0ರಿಂದ 127 ಸಾಕು. ಅನೇಕ ಯಂತ್ರಗಳಲ್ಲಿ ಸಿ ಭಾಷೆ ಬೈಟನ್ನು ಓದುವಾಗ ಅರ್ಧದಷ್ಟನ್ನು ಋಣ ಸಂಖ್ಯೆಗಳೆಂದು ತಿಳಿಯುತ್ತದೆ: 127ರ ತನಕ ಸರಿ, ಮುಂದಿನ 128 ಎಂದರೆ ಮೈನಸ್ 128. ಈಗ ಒಂದು ಪ್ರೋಗ್ರಾಮ್ ಅಕ್ಷರದ ಸಂಖ್ಯೆ ಹಿಡಿದು ಕೋಷ್ಟಕದ ಆ ಮನೆಗೆ ಹೋಗುತ್ತದೆ ಎನ್ನಿ. ಮೈನಸ್ 32ನೇ ಮನೆ ಎಲ್ಲಿದೆ? ಕೋಷ್ಟಕದ ಆಚೆ, ಇನ್ನಾವುದರದೋ ಜಾಗದಲ್ಲಿ. ಅಲ್ಲಿ ಸಿಕ್ಕಿದ್ದನ್ನು ಎತ್ತಿಕೊಂಡು ಬಂದ ಪ್ರೋಗ್ರಾಮ್ ಸುಳ್ಳು ಉತ್ತರ ಕೊಡುತ್ತದೆ, ಇಲ್ಲವೇ ಸಾಯುತ್ತದೆ.

ಮೈನಸ್ 32 ಎಂದು ಸುಮ್ಮನೆ ಹೇಳಲಿಲ್ಲ. ಇಂದು ಎಲ್ಲೆಡೆ ಬಳಕೆಯಲ್ಲಿರುವ, 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8 ವಿಧಾನದಲ್ಲಿ ನಮ್ಮ ‘ಕ’ ಎಂದರೆ ಮೂರು ಬೈಟ್: 224, 178, 149. ಮೂರೂ 127ರ ಆಚೆಗಿನವು. ತಪ್ಪಾಗಿ ಓದಿದರೆ ಮೈನಸ್ 32, ಮೈನಸ್ 78, ಮೈನಸ್ 107. ಮ್ಯಾಡಿಸನ್‌ನ ಮಳೆ ಕಸವೆಂದು ತೂರಿಬಿಟ್ಟ ಎತ್ತರದ ಸಂಖ್ಯೆಗಳಲ್ಲೇ ನಮ್ಮ ಕಾಗುಣಿತವೆಲ್ಲ ಇದೆ.

ತಿದ್ದುವುದಕ್ಕೆ ಬೇಕಾದದ್ದು ಒಂದೇ ಪದ. ‘ಅನ್‌ಸೈನ್ಡ್’ ಎಂದು ಸೇರಿಸಿದರೆ 224 ಎಂಬುದು 224 ಆಗಿಯೇ ಉಳಿಯುತ್ತದೆ. ಆದರೆ ಆ ಪದ ಯಾವ ಸಾಲಿಗೆ ಬೇಕು ಎಂದು ಕಂಡುಕೊಳ್ಳಲು ದಿನಗಟ್ಟಲೆ ಹಿಡಿದೀತು. ಇಂಟೆಲ್ ಬಗೆಯ ಚಿಪ್ಪಿನಲ್ಲಿ ಕಾಣುವ ಈ ಬಗ್, ಬೈಟನ್ನು ಧನ ಸಂಖ್ಯೆಯಾಗಿಯೇ ಓದುವ ಎಆರ್‌ಎಂ ಲಿನಕ್ಸ್ ಯಂತ್ರದಲ್ಲಿ ಕಾಣುವುದೇ ಇಲ್ಲ. ಆದ್ದರಿಂದ ಅನುಭವಿಗಳು ಮೊದಲು ಬಗ್ ಮತ್ತೆ ಮತ್ತೆ ಬರುವಂತೆ ಮಾಡುತ್ತಾರೆ. ಆಮೇಲೆ ಕೊಟ್ಟ ಕಡತವನ್ನು ಅರ್ಧಕ್ಕೆ ಕತ್ತರಿಸುವುದು. ಬಗ್ ಉಳಿದರೆ ಮತ್ತೆ ಅರ್ಧ. ಸಾವಿರ ಸಾಲಿನ ಕಡತ ಕೊನೆಗೆ ಎರಡು ಅಕ್ಷರಕ್ಕೆ ಇಳಿದಾಗ ಕಾರಣ ತಾನಾಗಿಯೇ ಮುಖ ತೋರಿಸುತ್ತದೆ. ಹಿಂದೆ ಸರಿಯಿದ್ದು ಈಚೆಗೆ ಕೆಟ್ಟಿದ್ದರೆ ಬದಲಾವಣೆಗಳ ದಾಖಲೆ ಇಡುವ ‘ಗಿಟ್’ನಲ್ಲಿ ಇದೇ ಅರ್ಧಿಸುವ ಉಪಾಯವನ್ನು ಇತಿಹಾಸದ ಮೇಲೆ ಹೂಡಬಹುದು. ಸಾವಿರ ಬದಲಾವಣೆಗಳಲ್ಲಿ ಕೆಡಿಸಿದ್ದು ಯಾವುದು ಎಂದು ತಿಳಿಯಲು ಸುಮಾರು ಹತ್ತು ಪ್ರಯತ್ನ ಸಾಕು. ತಿದ್ದಿದ ಮೇಲೆ, ಆ ಎರಡು ಅಕ್ಷರವನ್ನೇ ಕಾಯಂ ಪರೀಕ್ಷೆಯಾಗಿ ಸೇರಿಸುತ್ತಾರೆ. ಅದೇ ಬಗ್ ಮರಳಿ ಬಂದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಇದೆಲ್ಲ ಸಾಧ್ಯವಾಗಲು ಪ್ರೋಗ್ರಾಮಿನ ಮೂಲ ಬರಹ ಕಣ್ಣೆದುರು ಇರಬೇಕು. ಮಿಲ್ಲರ್ ತಂಡ 1995ರಲ್ಲಿ ಅದೇ ಪರೀಕ್ಷೆಯನ್ನು ಮತ್ತೆ ನಡೆಸಿತು. ಕಂಪನಿಗಳು ಮಾರುತ್ತಿದ್ದ ಯುನಿಕ್ಸ್‌ಗಳಲ್ಲಿ ಶೇಕಡಾ 15ರಿಂದ 43ರಷ್ಟು ಸಲಕರಣೆಗಳು ಬಿದ್ದವು. ಯಾರು ಬೇಕಾದರೂ ತೆರೆದು ನೋಡಬಹುದಾದ ಲಿನಕ್ಸ್‌ನಲ್ಲಿ ಬಿದ್ದವು ಶೇಕಡಾ 9, ಹಾಗೆಯೇ ತೆರೆದಿಟ್ಟ ಗ್ನು ಯೋಜನೆಯ ಸಲಕರಣೆಗಳಲ್ಲಿ ಬರೀ 6. ಐದು ವರ್ಷ ಹಿಂದೆ ಇವರೇ ಎತ್ತಿ ತೋರಿಸಿದ್ದ ಬಗ್‌ಗಳಲ್ಲಿ ಸುಮಾರು ಶೇಕಡಾ 40 ಇದ್ದಲ್ಲೇ, ಇದ್ದ ಹಾಗೆಯೇ ಇದ್ದವು. ಬಗ್ ಎಲ್ಲಿದೆ ಎಂದು ಬರೆದುಕೊಟ್ಟರೂ ತಿದ್ದದೆ ಉಳಿದ ಈ ಪಾಲು ನನ್ನನ್ನು ಈಗಲೂ ಕಾಡುತ್ತದೆ.

ಕುಸಿಯದೆ ತಪ್ಪು ಮಾಡುವ ಸಲಕರಣೆಗಳದು ಇನ್ನೂ ಕಠಿಣ ಕಥೆ. ಗ್ನು ‘ಕಟ್’ಗೆ ಅಕ್ಷರ ಲೆಕ್ಕದಲ್ಲಿ ಕತ್ತರಿಸು ಎಂದು ಹೇಳುವ ಆಯ್ಕೆಯಿದೆ. ದಶಕಗಳ ಕಾಲ ಅದು ಕತ್ತರಿಸಿದ್ದು ಬೈಟಿನ ಲೆಕ್ಕದಲ್ಲೇ. ಸದ್ಯಕ್ಕೆ ಹೀಗಿದೆ, ಮುಂದೆ ಬದಲಾಗುತ್ತದೆ ಎಂದು ಅದರ ಕೈಪಿಡಿಯೇ ಹೇಳಿಕೊಂಡಿತ್ತು. ‘ಕನ್ನಡ’ ಪದದ ಮೊದಲ ನಾಲ್ಕು ಅಕ್ಷರ ಕೇಳಿದರೆ ‘ಕ’ ಬರುತ್ತಿತ್ತು, ಬೆನ್ನಿಗೆ ‘ನ’ದ ಮೂರನೇ ಒಂದು ಚೂರು. ಇದನ್ನು ಸರಿಮಾಡಲು ಕೆಲವು ಲಿನಕ್ಸ್ ವಿತರಣೆಗಳು ತಮ್ಮದೇ ತೇಪೆ ಹಚ್ಚಿಕೊಂಡವು. 2013ರಲ್ಲಿ ಸೂಸೆ ಲಿನಕ್ಸ್‌ನ ತೇಪೆಯಲ್ಲೇ ಬಗ್ ಸಿಕ್ಕಿತು: ಬಹಳ ಉದ್ದದ ಸಾಲು ಕೊಟ್ಟರೆ ‘ಸಾರ್ಟ್’, ‘ಯುನೀಕ್’, ‘ಜಾಯಿನ್’ ಮೂರೂ ಕುಸಿಯಬಹುದಿತ್ತು. ಒಂದು ಭಾಷೆಗೆ ನ್ಯಾಯ ಒದಗಿಸಲು ಹೊರಟ ತಿದ್ದುಪಡಿಯಲ್ಲಿ 1990ರ ಹಳೆಯ ಬಗ್‌ನಂಥದ್ದೇ ಹೊಸ ಮನೆ ಮಾಡಿಕೊಂಡಿತ್ತು.

ಅಷ್ಟಕ್ಕೂ ‘ಕನ್ನಡ’ದಲ್ಲಿ ಎಷ್ಟು ಅಕ್ಷರ? ಬೈಟ್ ಎಣಿಸಿದರೆ 15. ಎಲ್ಲ ಲಿಪಿಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ಯುನಿಕೋಡ್‌ನ ಸಂಕೇತ ಎಣಿಸಿದರೆ 5, ಏಕೆಂದರೆ ನಕಾರದ ಒತ್ತಿಗೆ ನಡುವೆ ಅರ್ಧಾಕ್ಷರದ ಚಿಹ್ನೆಯೊಂದು ಕೂರುತ್ತದೆ. ಓದುಗರು ಒಂದು ಘಟಕವೆಂದು ಕಾಣುವುದನ್ನು ಗುರುತಿಸಲು ಯುನಿಕೋಡ್ ಕೊಟ್ಟಿರುವ ನಿಯಮದಂತೆ, ಒತ್ತಕ್ಷರ ಒಡೆದುಹೋಗಿ, 4. ಒಂದನೇ ತರಗತಿಯ ಮಗು ಎಣಿಸಿದರೆ 3. ಒತ್ತಕ್ಷರವನ್ನು ಒಡೆಯಬಾರದೆಂಬ ನಿಯಮ 2023ರ ಯುನಿಕೋಡ್ 15.1ರಲ್ಲಿ ಬಂದಾಗ ದೇವನಾಗರಿ, ತೆಲುಗು, ಮಲಯಾಳಂ ಅದರಲ್ಲಿದ್ದವು, ಕನ್ನಡ ಇರಲಿಲ್ಲ. ದೂರದಲ್ಲೆಲ್ಲೋ ಕುಳಿತು ‘ಕಟ್’ ತಿದ್ದುವ ಮನುಷ್ಯನಿಗೆ ನಮ್ಮ ಒತ್ತು ಹೇಗೆ ಗೊತ್ತಾಗಬೇಕು? ಅದನ್ನು ತೋರಿಸುವ ಪರೀಕ್ಷೆ ಕನ್ನಡ ಓದಬಲ್ಲವರಿಂದಲೇ ಹೋಗಬೇಕು, ಅದಕ್ಕೆ ಸಿ ಭಾಷೆ ಕಲಿತಿರಬೇಕೆಂದೇನೂ ಇಲ್ಲ.

ಉದಾಹರಣೆಗೆ, ಸಾಲನ್ನು ಹಿಂದುಮುಂದಾಗಿಸುವ ಸಲಕರಣೆಯೊಂದು ಯುನಿಕೋಡ್ ಸಂಕೇತಗಳನ್ನಷ್ಟೇ ತಿರುಗಿಸುತ್ತದೆ ಎನ್ನಿ. ಅದಕ್ಕೆ ಮಾಡುವ ವರದಿಯಲ್ಲಿ ಮೂರು ಸಾಲು ಸಾಕು. ಕೊಟ್ಟದ್ದು: ಮೈಸೂರು. ಬರಬೇಕಾದದ್ದು: ರುಸೂಮೈ. ಬಂದದ್ದು: ಯಾವ ಅಕ್ಷರಕ್ಕೂ ಅಂಟದ ಒಂಟಿ ಕೊಂಬು, ಅದರ ಹಿಂದೆ ‘ರೂಸೈಮ’.