ಮಹಾನಗರದ ಇರುಳು, ನಕ್ಷತ್ರ ವೀಕ್ಷಣೆ ಮತ್ತು ನಮ್ಮ ಕಣ್ಣು

ಮುಂಬಯಿಗೆ ಬಂದು ನೆಲಸಿದ ಕನ್ನಡಿಗರು ಊರಿನಲ್ಲಿ ಬಿಟ್ಟುಬಂದ ಸಂಪತ್ತನ್ನು ನೆನೆಯುವಾಗ ಮನೆ, ಗದ್ದೆ, ತೋಟ, ದೇವಸ್ಥಾನ, ಜಾತ್ರೆಗಳ ಮಾತೆತ್ತುತ್ತಾರೆ. ಆ ಪಟ್ಟಿಯಲ್ಲಿ ಆಕಾಶದ ಹೆಸರು ಬರುವುದು ಅಪರೂಪ. ಎಲ್ಲಿಗೆ ಹೋದರೂ ಆಕಾಶವು ತಲೆಯ ಮೇಲೆ ಇದ್ದೇ ಇರುತ್ತದೆಂಬ ಭರವಸೆಯೇ ಇದಕ್ಕೆ ಕಾರಣವಿರಬೇಕು. ಆದರೆ ಅಂಗಳದಲ್ಲಿ ಚಾಪೆ ಹಾಸಿ, ನಕ್ಷತ್ರಗಳನ್ನೆಣಿಸುತ್ತ ನಿದ್ದೆಹೋದ ತಲೆಮಾರಿನ ಮೊಮ್ಮಕ್ಕಳು ಇಂದು ಠಾಣೆ, ಮುಲುಂಡ್, ಬೊರಿವಲಿ, ಡೊಂಬಿವಲಿಗಳ ಬಹುಮಹಡಿ ಕಟ್ಟಡಗಳಲ್ಲಿ ಬೆಳೆಯುತ್ತಿದ್ದಾರೆ. ಅವರಲ್ಲಿ ಎಷ್ಟೋ ಮಂದಿ ಆಕಾಶಗಂಗೆಯನ್ನು ಪಠ್ಯಪುಸ್ತಕದ ಚಿತ್ರದಲ್ಲಿ ಮಾತ್ರ ಕಂಡವರು. ಈ ನಷ್ಟವನ್ನು ತುಂಬಿಕೊಳ್ಳಲು ಸಾಧ್ಯವಿದೆ. ಅದಕ್ಕೆ ಬೇಕಾದ ಸಾಧನವೂ ಸ್ಥಳವೂ ನಮ್ಮ ಕೈಯಳತೆಯಲ್ಲಿಯೇ ಇವೆ.

ಮಳೆಯ ನಕ್ಷತ್ರಗಳು

ನಮ್ಮ ಹಿರಿಯರಿಗೆ ನಕ್ಷತ್ರವೆಂದರೆ ಕೇವಲ ಪಂಚಾಂಗದ ಮಾತಾಗಿರಲಿಲ್ಲ. ರೋಹಿಣಿ, ಮೃಗಶಿರ, ಆರ್ದ್ರೆ, ಪುನರ್ವಸು, ಪುಷ್ಯ, ಆಶ್ಲೇಷೆ ಎಂದು ಮಳೆಗಳಿಗೆ ಹೆಸರಿಟ್ಟು ಬಿತ್ತನೆಯ ಕಾಲವನ್ನು ಗೊತ್ತುಮಾಡಿದವರು ಅವರು. ಸೂರ್ಯನು ಇಪ್ಪತ್ತೇಳು ನಕ್ಷತ್ರಗಳಲ್ಲಿ ಒಂದೊಂದರಲ್ಲಿಯೂ ಸುಮಾರು ಹದಿಮೂರು-ಹದಿನಾಲ್ಕು ದಿನ ಇರುವನೆಂಬುದೇ ಈ ಲೆಕ್ಕದ ಮೂಲ. ಜೂನ್ ತಿಂಗಳ ಕೊನೆಯಲ್ಲಿ ಸೂರ್ಯನು ಆರ್ದ್ರೆಯಲ್ಲಿರುವ ಕಾರಣ ಆ ನಕ್ಷತ್ರವು ಹಗಲಿನ ಬೆಳಕಿನಲ್ಲಿ ಮುಳುಗಿರುತ್ತದೆ. ಜನವರಿಯ ಇರುಳಿನಲ್ಲಿ ಅದೇ ಆರ್ದ್ರೆಯು ನೆತ್ತಿಯ ಸಮೀಪದಲ್ಲಿ ಕೆಂಪಗೆ ಹೊಳೆಯುವುದನ್ನು ಯಾರಾದರೂ ಕಾಣಬಹುದು. ಮಳೆಗಾಲದಲ್ಲಿ ಕಾಣದ ನಕ್ಷತ್ರದ ಹೆಸರು ಮಳೆಗೆ ಹೇಗೆ ಬಂದಿತೆಂಬ ಮಕ್ಕಳ ಪ್ರಶ್ನೆಗೆ ಉತ್ತರ ಇಲ್ಲಿದೆ.

ಊರಿನ ಆಕಾಶಕ್ಕೂ ಮುಂಬಯಿಯ ಆಕಾಶಕ್ಕೂ ಇನ್ನೊಂದು ವ್ಯತ್ಯಾಸವುಂಟು. ಧ್ರುವ ನಕ್ಷತ್ರವು ಉತ್ತರದ ದಿಗಂತದಿಂದ ಎಷ್ಟು ಎತ್ತರದಲ್ಲಿ ಕಾಣುತ್ತದೆಂಬುದು ಆಯಾ ಊರಿನ ಅಕ್ಷಾಂಶವನ್ನು ಹೇಳುತ್ತದೆ. ಮಂಗಳೂರಿನಲ್ಲಿ ಅದು ಸುಮಾರು 13 ಡಿಗ್ರಿ, ಧಾರವಾಡದಲ್ಲಿ 15, ಮುಂಬಯಿಯಲ್ಲಿ 19 ಡಿಗ್ರಿ ಎತ್ತರದಲ್ಲಿ ನಿಲ್ಲುತ್ತದೆ. ತೋಳನ್ನು ಮುಂದೆ ಚಾಚಿ ಮುಷ್ಟಿ ಹಿಡಿದರೆ ಆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಎಂದರೆ ಮಂಗಳೂರಿನಿಂದ ಮುಂಬಯಿಗೆ ಬಂದವನ ಪಾಲಿಗೆ ಧ್ರುವನು ಅರ್ಧ ಮುಷ್ಟಿಗಿಂತ ತುಸು ಹೆಚ್ಚು ಮೇಲೇರಿದ್ದಾನೆ. ನಮ್ಮ ವಲಸೆಯ ಅಳತೆಯು ಆಕಾಶದಲ್ಲಿಯೂ ಬರೆದಿದೆ.

ಮುಂಬಯಿಯ ಖಗೋಳ ಪರಂಪರೆ

ವ್ಯಾಪಾರದ ನಗರವೆಂದು ಹೆಸರಾದ ಮುಂಬಯಿಗೆ ಆಕಾಶ ವೀಕ್ಷಣೆಯ ಪರಂಪರೆಯೂ ಇದೆ. ಈಸ್ಟ್ ಇಂಡಿಯಾ ಕಂಪನಿಯವರು 1826ರಲ್ಲಿ ಕೊಲಾಬಾದಲ್ಲಿ ವೀಕ್ಷಣಾಲಯವನ್ನು ಸ್ಥಾಪಿಸಿದರು. ಹಡಗುಗಳಿಗೆ ಸರಿಯಾದ ಕಾಲವನ್ನು ತಿಳಿಸುವುದು ಅದರ ಮೊದಲ ಉದ್ದೇಶಗಳಲ್ಲೊಂದು. ಮುಂದೆ ಅದು ಭೂಕಾಂತತ್ವದ ಅಳತೆಗಳಿಗೆ ಪ್ರಸಿದ್ಧವಾಯಿತು. ನಗರದಲ್ಲಿ ವಿದ್ಯುತ್ ಟ್ರಾಮು ಓಡಿಸುವ ಯೋಜನೆ ಬಂದಾಗ, ಆ ವಿದ್ಯುತ್ ಪ್ರವಾಹದಿಂದ ಸೂಕ್ಷ್ಮ ಉಪಕರಣಗಳಿಗೆ ಬಾಧೆಯಾಗುವುದೆಂದು ಕಾಂತೀಯ ವೀಕ್ಷಣೆಯನ್ನು 1904ರಲ್ಲಿ ಸಮುದ್ರದಾಚೆಯ ಅಲಿಬಾಗಿಗೆ ಸಾಗಿಸಬೇಕಾಯಿತು. ನಗರದ ಅಭಿವೃದ್ಧಿಯು ವೀಕ್ಷಕರನ್ನು ಹೊರವಲಯಕ್ಕೆ ಕಳುಹಿಸಿದ ಕಥೆ ಹೀಗೆ ನೂರು ವರ್ಷಗಳಿಗೂ ಹಳೆಯದು.

ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಕಾವಸ್‌ಜೀ ದಾದಾಭಾಯಿ ನಾಯಗಾಂವಾಲಾ ಅವರು ಭಾವನಗರದ ಮಹಾರಾಜ ತಖ್ತಸಿಂಹಜೀ ಅವರ ನೆರವಿನಿಂದ ಪುಣೆಯ ವಿಜ್ಞಾನ ಕಾಲೇಜಿನಲ್ಲಿ ವೀಕ್ಷಣಾಲಯವನ್ನು ಕಟ್ಟಿದರು. ಅಲ್ಲಿದ್ದ 20 ಅಂಗುಲದ ದರ್ಪಣ ದೂರದರ್ಶಕವು ಆ ಕಾಲಕ್ಕೆ ಭಾರತದಲ್ಲಿಯೇ ಅತಿ ದೊಡ್ಡದು. ಅವರು ನಿವೃತ್ತರಾದ ಮೇಲೆ, 1912ರಲ್ಲಿ, ಆ ಸಾಧನವು ಕೊಡೈಕನಾಲಿಗೆ ಹೋಯಿತು. ಅಂದು ಮಹಾರಾಜರ ಕೊಡುಗೆಯಿಂದ ಮಾತ್ರ ಸಾಧ್ಯವಾದ ಗಾತ್ರಕ್ಕೆ ಇಂದು ಹವ್ಯಾಸಿಗಳ ದೂರದರ್ಶಕಗಳು ಸಮೀಪಿಸಿವೆ.

1977ರಲ್ಲಿ ವರಳಿಯಲ್ಲಿ ನೆಹರೂ ತಾರಾಲಯ ತೆರೆಯಿತು. 1985-86ರಲ್ಲಿ ಹ್ಯಾಲಿ ಧೂಮಕೇತು ಮರಳಿದಾಗ ಅದನ್ನು ನೋಡುವ ಹಂಬಲದಿಂದ ಒಂದುಗೂಡಿದ ಉತ್ಸಾಹಿಗಳಿಂದ ‘ಖಗೋಲ ಮಂಡಳ’ ಹುಟ್ಟಿತು. ಮಧ್ಯ ರೈಲ್ವೆಯ ಕರ್ಜತ್ ಮಾರ್ಗದಲ್ಲಿ ಬದಲಾಪುರಕ್ಕೂ ನೇರಳಕ್ಕೂ ನಡುವೆ ಇರುವ ವಾಂಗಣಿಯಲ್ಲಿ ಇಂತಹ ಹವ್ಯಾಸಿಗಳು ಇರುಳಿಡೀ ನಡೆಸುತ್ತ ಬಂದ ವೀಕ್ಷಣೆಗಳಿಂದಾಗಿ ಆ ಪುಟ್ಟ ನಿಲ್ದಾಣದ ಹೆಸರು ಮುಂಬಯಿಯ ನಕ್ಷತ್ರಪ್ರಿಯರಿಗೆಲ್ಲ ಪರಿಚಿತವಾಯಿತು.

ದೊಡ್ಡ ದೂರದರ್ಶಕವೆಂದರೇನು?

ದೂರದರ್ಶಕವನ್ನು ಕಂಡೊಡನೆ ಜನರು ಕೇಳುವ ಮೊದಲ ಪ್ರಶ್ನೆ, “ಇದು ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ?” ಎಂಬುದು. ಕೇಳಬೇಕಾದ ಪ್ರಶ್ನೆ, “ಇದು ಎಷ್ಟು ಬೆಳಕನ್ನು ಕೂಡಿಸುತ್ತದೆ?” ಎಂಬುದು. ಕತ್ತಲೆಯಲ್ಲಿ ಪೂರ್ತಿ ಅರಳಿದ ತರುಣನ ಕಣ್ಣಿನ ಪಾಪೆಯ ವ್ಯಾಸ ಸುಮಾರು 7 ಮಿಲಿಮೀಟರ್. 8 ಅಂಗುಲದ, ಎಂದರೆ ಸುಮಾರು 200 ಮಿಲಿಮೀಟರಿನ ದರ್ಪಣವು ಅದಕ್ಕಿಂತ ಎಂಟುನೂರು ಪಟ್ಟು ಹೆಚ್ಚು ಬೆಳಕನ್ನು ಹಿಡಿಯುತ್ತದೆ. 16 ಅಂಗುಲದ್ದಾದರೆ ಮೂರು ಸಾವಿರ ಪಟ್ಟಿಗೂ ಮಿಗಿಲು. ಮಳೆನೀರು ಹಿಡಿಯಲು ಅಂಗಳದಲ್ಲಿ ಚೊಂಬಿಟ್ಟವನಿಗೂ ಕೊಪ್ಪರಿಗೆಯಿಟ್ಟವನಿಗೂ ಇರುವ ಅಂತರವೇ ಇಲ್ಲಿಯೂ ಇದೆ.

ಇಂತಹ ದೊಡ್ಡ ಸಾಧನವನ್ನು ಸಾಮಾನ್ಯರ ಕೈಗೆ ತಂದುಕೊಟ್ಟವರು ಜಾನ್ ಡಾಬ್ಸನ್ (1915–2014). ನಮಗೆ ಆಸಕ್ತಿಯ ಸಂಗತಿಯೆಂದರೆ, ಇವರು 1944ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ವೇದಾಂತ ಸೊಸೈಟಿಯ ಆಶ್ರಮವನ್ನು ಸೇರಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಅಲ್ಲಿ ಬಾಳಿದವರು. ಹಡಗಿನ ಕಿಟಕಿಯ ಹಳೆಯ ಗಾಜನ್ನು ಕೈಯಿಂದಲೇ ಉಜ್ಜಿ ದರ್ಪಣ ಮಾಡಿದರು. ದಪ್ಪ ರಟ್ಟಿನ ಕೊಳವೆಯಲ್ಲಿ ಅದನ್ನು ಕೂರಿಸಿದರು. ಮೇಲೆ-ಕೆಳಗೆ, ಎಡಕ್ಕೆ-ಬಲಕ್ಕೆ ತಿರುಗುವ ಸರಳವಾದ ಮರದ ಪೀಠವನ್ನು ರಚಿಸಿದರು. 1967ರಲ್ಲಿ ಆಶ್ರಮವನ್ನು ಬಿಡಬೇಕಾಗಿ ಬಂದ ಮೇಲೆ, ದಾರಿಯ ಬದಿಯಲ್ಲಿ ದೂರದರ್ಶಕವನ್ನಿಟ್ಟು ಹೋಗಿಬರುವವರಿಗೆಲ್ಲ ಆಕಾಶ ತೋರಿಸುವುದನ್ನೇ ಜೀವನದ ವ್ರತವಾಗಿಸಿಕೊಂಡರು. ಇಂದು ಲೋಕದಲ್ಲೆಲ್ಲ ಹವ್ಯಾಸಿಗಳು ಬಳಸುವ ‘ಡಾಬ್ಸೋನಿಯನ್’ ಮಾದರಿಗೆ ಅವರದೇ ಹೆಸರು.

ದರ್ಪಣವನ್ನು ಕೈಯಿಂದ ಮಾಡುವುದು ತಾಳ್ಮೆಯ ಕೆಲಸ. ಎರಡು ಗಾಜಿನ ಬಿಲ್ಲೆಗಳ ನಡುವೆ ಕಾರ್ಬೊರಂಡಮ್ ಪುಡಿಯನ್ನೂ ನೀರನ್ನೂ ಹಾಕಿ ಗಂಟೆಗಟ್ಟಲೆ ಉಜ್ಜಿದರೆ ಮೇಲಿನ ಗಾಜು ತಗ್ಗಾಗುತ್ತದೆ, ಕೆಳಗಿನದು ಉಬ್ಬುತ್ತದೆ. ಪುಡಿಯನ್ನು ಕ್ರಮೇಣ ನಯಗೊಳಿಸಿ, ಕೊನೆಗೆ ಪಾಲಿಶು ಮಾಡಿ, ಬೆಳಕಿನ ಅಲೆಯುದ್ದದ ಎಂಟನೆಯ ಒಂದು ಭಾಗದಷ್ಟರೊಳಗೆ ಮೇಲ್ಮೈಯ ದೋಷವನ್ನು ಇಳಿಸಬೇಕು. ಇದು ಒಂದು ಮಿಲಿಮೀಟರಿನ ಹತ್ತು ಸಾವಿರದ ಒಂದಂಶಕ್ಕಿಂತಲೂ ಕಡಿಮೆ. ಇಷ್ಟು ಸೂಕ್ಷ್ಮವಾದ ಕಾರ್ಯವನ್ನು ಯಂತ್ರವಿಲ್ಲದೆ ಮನುಷ್ಯನ ಎರಡು ಕೈಗಳು ಮಾಡಬಲ್ಲವೆಂಬುದೇ ಅಚ್ಚರಿ. ಪುಣೆಯ ಆಯುಕಾ ಸಂಸ್ಥೆಯು ಹವ್ಯಾಸಿಗಳಿಗೂ ವಿದ್ಯಾರ್ಥಿಗಳಿಗೂ ಇದನ್ನು ಕಲಿಸುವ ಶಿಬಿರಗಳನ್ನು ನಡೆಸಿದೆ.

ಕತ್ತಲೆಯಲ್ಲಿ ಅರಳುವ ಕಣ್ಣು

ಎಷ್ಟು ದೊಡ್ಡ ದರ್ಪಣವಿದ್ದರೂ ಕೊನೆಗೆ ನೋಡುವುದು ಕಣ್ಣು. ಆದುದರಿಂದ ಕಣ್ಣಿನ ಧರ್ಮವನ್ನು ಅರಿಯದೆ ನಕ್ಷತ್ರ ವೀಕ್ಷಣೆಯಿಲ್ಲ. ನಮ್ಮ ಅಕ್ಷಿಪಟಲದಲ್ಲಿ ಎರಡು ಬಗೆಯ ಕೋಶಗಳಿವೆ. ಸುಮಾರು 60 ಲಕ್ಷ ಶಂಕುಕೋಶಗಳು ಹಗಲಿನ ಬೆಳಕಿನಲ್ಲಿ ಬಣ್ಣಗಳನ್ನೂ ಸೂಕ್ಷ್ಮ ವಿವರಗಳನ್ನೂ ಗ್ರಹಿಸುತ್ತವೆ. ಸುಮಾರು 12 ಕೋಟಿ ದಂಡಕೋಶಗಳು ಮಂದ ಬೆಳಕಿನಲ್ಲಿ ಕೆಲಸ ಮಾಡುತ್ತವೆ. ಅವಕ್ಕೆ ಬಣ್ಣದ ಅರಿವಿಲ್ಲ. ದಂಡಕೋಶಗಳಲ್ಲಿರುವ ರೊಡಾಪ್ಸಿನ್ ಎಂಬ ವರ್ಣದ್ರವ್ಯವು ಬೆಳಕು ಬಿದ್ದೊಡನೆ ಒಡೆಯುತ್ತದೆ, ಕತ್ತಲೆಯಲ್ಲಿ ಮೆಲ್ಲನೆ ಮತ್ತೆ ಕೂಡಿಕೊಳ್ಳುತ್ತದೆ. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆಗೂ ಹೆಚ್ಚು ಕಾಲ ಬೇಕಾಗುವುದು ಈ ಕಾರಣದಿಂದ. ಅಷ್ಟರಲ್ಲಿ ಒಬ್ಬರು ಮೊಬೈಲಿನ ದೀಪವನ್ನು ಹೊತ್ತಿಸಿದರೆ ಸುತ್ತಲಿದ್ದವರೆಲ್ಲರ ಅರ್ಧ ಗಂಟೆಯ ತಪಸ್ಸು ಕ್ಷಣದಲ್ಲಿ ಹಾಳಾಗುತ್ತದೆ. ದಂಡಕೋಶಗಳು ಕಡುಗೆಂಪು ಬೆಳಕಿಗೆ ಅಷ್ಟಾಗಿ ಸ್ಪಂದಿಸುವುದಿಲ್ಲ. ಬ್ಯಾಟರಿಗೆ ಕೆಂಪು ಕಾಗದ ಸುತ್ತಿ ಬಳಸುವ ರೂಢಿಯ ಹಿಂದೆ ಈ ತತ್ತ್ವವಿದೆ.

ಅಕ್ಷಿಪಟಲದ ನಟ್ಟನಡುವೆ ದಂಡಕೋಶಗಳಿಲ್ಲ. ಮಂಕಾದ ನೀಹಾರಿಕೆಯನ್ನು ನೇರವಾಗಿ ದಿಟ್ಟಿಸಿದರೆ ಅದು ಮಾಯವಾಗುತ್ತದೆ. ತುಸು ಪಕ್ಕಕ್ಕೆ ನೋಡಿದರೆ ತೋರಿಕೊಳ್ಳುತ್ತದೆ. ಈ ಓರೆನೋಟವನ್ನು ಅಭ್ಯಾಸದಿಂದ ಸಾಧಿಸಬೇಕು.

ರೊಡಾಪ್ಸಿನ್ ತಯಾರಾಗಲು ‘ಎ’ ಜೀವಸತ್ವ ಬೇಕು. ಅದರ ಕೊರತೆಯಿಂದ ಬರುವ ಇರುಳುಗುರುಡನ್ನು ನಮ್ಮ ಹಳ್ಳಿಗಳು ಚೆನ್ನಾಗಿ ಬಲ್ಲವು. ನುಗ್ಗೆಸೊಪ್ಪು, ಹರಿವೆಸೊಪ್ಪು, ಗಜ್ಜರಿ, ಪಪ್ಪಾಯಿ, ಮಾವು, ಹಾಲು, ಮೊಟ್ಟೆಗಳು ಮಕ್ಕಳ ಆಹಾರದಲ್ಲಿರಲಿ. ವಯಸ್ಸಾದಂತೆ ಪಾಪೆಯು ಮೊದಲಿನಷ್ಟು ಅರಳುವುದಿಲ್ಲ. 7 ಮಿಲಿಮೀಟರಿನ ಪಾಪೆ 5 ಮಿಲಿಮೀಟರಿಗೆ ಇಳಿದರೆ ಕಣ್ಣಿಗೆ ಬೀಳುವ ಬೆಳಕು ಅರ್ಧಕ್ಕೆ ಇಳಿಯುತ್ತದೆ. ಇರುಳಿನ ದೀಪಗಳ ಸುತ್ತ ಪ್ರಭೆ ಕಂಡರೆ, ಮುಸ್ಸಂಜೆಯಲ್ಲಿ ನಡೆಯಲು ತಡವರಿಸುವಂತಾದರೆ, ಅದು ಪೊರೆಯ ಲಕ್ಷಣವಿರಬಹುದು. ಮುಪ್ಪಿನ ಸಹಜ ದೋಷವೆಂದು ಸುಮ್ಮನಿರದೆ ನೇತ್ರವೈದ್ಯರನ್ನು ಕಾಣತಕ್ಕದ್ದು.

ಒಂದು ಎಚ್ಚರಿಕೆಯನ್ನಂತೂ ಮರೆಯಬಾರದು: ಸೂರ್ಯನನ್ನು ಬರಿಗಣ್ಣಿನಿಂದಾಗಲಿ, ಬೈನಾಕ್ಯುಲರಿನಿಂದಾಗಲಿ, ದೂರದರ್ಶಕದಿಂದಾಗಲಿ ನೋಡಕೂಡದು. ಅಕ್ಷಿಪಟಲಕ್ಕೆ ನೋವಿನ ಅರಿವಿಲ್ಲವಾದ್ದರಿಂದ ಅದು ಸುಡುವುದು ನೋಡುವವನಿಗೆ ತಿಳಿಯುವುದೇ ಇಲ್ಲ. 1980ರ ಫೆಬ್ರವರಿ 16ರಂದು ಪೂರ್ಣ ಸೂರ್ಯಗ್ರಹಣದ ನೆರಳು ಅಂಕೋಲೆಯ ಕಡೆಯಿಂದ ರಾಯಚೂರಿನ ಕಡೆಗೆ ಕರ್ನಾಟಕವನ್ನು ಹಾದುಹೋದಾಗ ಭಯದಿಂದ ಬಾಗಿಲು ಹಾಕಿಕೊಂಡು ಕುಳಿತವರು ಬಹಳ. ಭಯವೂ ಬೇಡ, ಉಡಾಫೆಯೂ ಬೇಡ. ಇದಕ್ಕೆಂದೇ ತಯಾರಿಸಿದ ಸೌರಶೋಧಕದ ಮೂಲಕ, ಅಥವಾ ಸೂಜಿರಂಧ್ರದಿಂದ ಕಾಗದದ ಮೇಲೆ ಬೀಳಿಸಿದ ಬಿಂಬದ ಮೂಲಕ ನೋಡುವುದೇ ಕ್ಷೇಮ.

ಅಮಾವಾಸ್ಯೆಯ ಇರುಳಿನಲ್ಲಿ

ಮುಂಬಯಿಯಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಮೋಡಗಳದೇ ರಾಜ್ಯ. ನವೆಂಬರಿನಿಂದ ಮಾರ್ಚಿನವರೆಗಿನ ಅಮಾವಾಸ್ಯೆಯ ಸಮೀಪದ ಶನಿವಾರಗಳು ವೀಕ್ಷಣೆಗೆ ಪ್ರಶಸ್ತ. ಆ ಇರುಳುಗಳಲ್ಲಿ ಮೃಗಶಿರ ಮತ್ತು ಆರ್ದ್ರೆಗಳಿರುವ ಮಹಾವ್ಯಾಧ ರಾಶಿಯ ನೀಹಾರಿಕೆಯನ್ನು ದೊಡ್ಡ ದೂರದರ್ಶಕದಲ್ಲಿ ಕಂಡವರು ಅದನ್ನು ಮರೆಯಲಾರರು. ರೆಕ್ಕೆ ಬಿಚ್ಚಿದ ಹಕ್ಕಿಯಂತೆ ಹಬ್ಬಿದ ಆ ಬೂದು-ಹಸಿರು ಬೆಳಕು ಹೊಸ ನಕ್ಷತ್ರಗಳು ಹುಟ್ಟುತ್ತಿರುವ ತಾಣ. ಸುಮಾರು 1,300 ಜ್ಯೋತಿರ್ವರ್ಷಗಳ ದೂರದ ಅಲ್ಲಿಂದ ಇಂದು ನಮ್ಮ ಕಣ್ಣನ್ನು ಸೇರುವ ಬೆಳಕು, ಬಾದಾಮಿಯಲ್ಲಿ ಚಾಲುಕ್ಯರು ಆಳುತ್ತಿದ್ದ ಕಾಲದಲ್ಲಿ ಹೊರಟದ್ದು. ದೇವಯಾನಿ ಗೆಲಾಕ್ಸಿಯದಾದರೋ 25 ಲಕ್ಷ ವರ್ಷಗಳ ಹಿಂದಿನ ಬೆಳಕು.

ಇರುಳಿಡೀ ಬಯಲಿನಲ್ಲಿರುವವರು ಆರೋಗ್ಯದ ಕಡೆಗೂ ಗಮನ ಕೊಡಬೇಕು. ಕೊಂಕಣದ ಚಳಿ ಕಡಿಮೆಯೆಂದು ಉಪೇಕ್ಷಿಸದೆ ತಲೆ-ಕಿವಿಗಳಿಗೆ ಉಣ್ಣೆಯ ಹೊದಿಕೆಯಿರಲಿ. ಮಂಜು ಬೀಳುವ ನೆಲದ ಮೇಲೆ ಜಮಖಾನೆಗಿಂತ ಒರಗುಕುರ್ಚಿ ಲೇಸು, ಕತ್ತಿಗೂ ಹಿತ. ಸಕ್ಕರೆ ಕಾಯಿಲೆಯವರು ಊಟದ ವೇಳೆಯನ್ನು ತಪ್ಪಿಸಬಾರದು. ಔಷಧಿಯನ್ನೂ ತಿಂಡಿಯನ್ನೂ ಜೊತೆಗೊಯ್ಯಬೇಕು. ಸೊಳ್ಳೆಗಳಿಂದ ರಕ್ಷಣೆಗೆ ತುಂಬುತೋಳಿನ ಉಡುಪು, ಹುಳುಹುಪ್ಪಟೆಗಳ ಭಯಕ್ಕೆ ಮುಚ್ಚಿದ ಪಾದರಕ್ಷೆ ಅವಶ್ಯ.

ಕತ್ತಲೆಯನ್ನು ಉಳಿಸಿಕೊಳ್ಳೋಣ

ವಾಂಗಣಿಯ ಆಕಾಶವನ್ನೂ ನಗರದ ಬೆಳಕು ಬೆನ್ನಟ್ಟಿ ಬರುತ್ತಿದೆ. ಮೇಲ್ಮುಖವಾಗಿ ಚೆಲ್ಲಿದ ಬೆಳಕಿನಿಂದ ಯಾರಿಗೂ ದಾರಿ ಕಾಣುವುದಿಲ್ಲ. ಅದು ವಿದ್ಯುತ್ತಿನ ಅಪವ್ಯಯ ಮಾತ್ರ. ಇರುಳಿನ ಪ್ರಖರ ಬೆಳಕು ಮೆಲಟೋನಿನ್ ಎಂಬ ರಸದೂತವನ್ನು ತಗ್ಗಿಸಿ ನಿದ್ರೆಯನ್ನು ಕೆಡಿಸುತ್ತದೆಂದು ವೈದ್ಯವಿಜ್ಞಾನ ಹೇಳುತ್ತದೆ. ನಕ್ಷತ್ರಗಳಿಗೆ ಯಾವುದು ಹಗೆಯೋ ಅದೇ ನಮ್ಮ ನಿದ್ದೆಗೂ ಹಗೆ. ಈ ವಿಚಾರ ಈಗ ಸರಕಾರಗಳ ಗಮನಕ್ಕೂ ಬಂದಿದೆ. 2022ರಲ್ಲಿ ಲಡಾಖಿನ ಹಾನ್ಲೆಯೂ, 2024ರಲ್ಲಿ ನಮ್ಮ ಮಹಾರಾಷ್ಟ್ರದ ಪೇಂಚ್ ಅಭಯಾರಣ್ಯವೂ ಕತ್ತಲೆಯ ಆಕಾಶವನ್ನು ಕಾಪಾಡುವ ತಾಣಗಳೆನಿಸಿದವು. ಹಾನ್ಲೆಯ ಎರಡು ಮೀಟರ್ ವ್ಯಾಸದ ದೂರದರ್ಶಕವನ್ನು ನಡೆಸುವವರು ಕರ್ನಾಟಕದ ಹೊಸಕೋಟೆಯಲ್ಲಿ ಕುಳಿತು ಉಪಗ್ರಹದ ಮೂಲಕ ನಡೆಸುತ್ತಾರೆಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ.

ಕಾಡಿಗೆ ಹೋಗುವವರೆಗೆ ಕಾಯಬೇಕಾಗಿಲ್ಲ. ಚಂದ್ರನ ಕುಳಿಗಳು, ಗುರುವಿನ ನಾಲ್ಕು ಉಪಗ್ರಹಗಳು, ಶನಿಯ ಬಳೆ ಇವುಗಳಿಗೆ ಮುಂಬಯಿಯ ದೀಪಗಳ ಅಡ್ಡಿಯಿಲ್ಲ. ನಮ್ಮ ಕಟ್ಟಡಗಳ ಗಚ್ಚಿಯೇ ಸಾಕು. ಒಂದೊಂದು ಸಂಘವೂ 8 ಅಂಗುಲದ ಒಂದು ದೂರದರ್ಶಕವನ್ನು ಕೊಂಡು, ಗ್ರಂಥಾಲಯದ ಪುಸ್ತಕದಂತೆ ಸದಸ್ಯರೆಲ್ಲ ಹಂಚಿಕೊಂಡು ಬಳಸಬಹುದು. ಜಿ. ಟಿ. ನಾರಾಯಣ ರಾವ್ (1926–2008) ಅವರಂತಹವರು ಖಗೋಳ ವಿಜ್ಞಾನವನ್ನು ತಿಳಿಗನ್ನಡದಲ್ಲಿ ಬರೆದಿಟ್ಟಿರುವಾಗ ಮಕ್ಕಳಿಗೆ ಕನ್ನಡ ಕಲಿಸಲು ಇದಕ್ಕಿಂತ ಸೊಗಸಾದ ನೆವ ಯಾವುದಿದೆ?

ಮೇ ತಿಂಗಳ ರಜೆಯಲ್ಲಿ ಊರಿಗೆ ಹೋದಾಗ ಮೋಡವಿಲ್ಲದ ಒಂದು ಇರುಳು, ಹತ್ತು ಗಂಟೆಯ ಸುಮಾರಿಗೆ, ಮನೆಯ ದೀಪವನ್ನಾರಿಸಿ ಮಕ್ಕಳನ್ನು ಅಂಗಳಕ್ಕೆ ಕರೆತನ್ನಿರಿ. ದಕ್ಷಿಣ ದಿಗಂತದ ಮೇಲೆ ತ್ರಿಶಂಕುವಿನ ನಾಲ್ಕು ನಕ್ಷತ್ರಗಳು ನಿಂತಿರುತ್ತವೆ. ಮುಂಬಯಿಯಲ್ಲಿ ಕಟ್ಟಡಗಳ ಮರೆಗೂ ಮಬ್ಬಿಗೂ ಸಿಕ್ಕಿ ಕಾಣದವು ಅಲ್ಲಿ ತೆಂಗಿನ ಮರಗಳ ಮೇಲೆ ಸ್ಪಷ್ಟವಾಗಿ ತೋರುತ್ತವೆ. ಅರ್ಧ ಗಂಟೆ ಕತ್ತಲೆಯಲ್ಲಿ ಕುಳಿತಿರುವ ತಾಳ್ಮೆಯನ್ನು ಮಕ್ಕಳಿಗೆ ಕಲಿಸಿದರೆ ಉಳಿದುದನ್ನು ಆಕಾಶವೇ ಕಲಿಸುತ್ತದೆ.