ಬೈಕ್ ಕನ್ನಡಿಯಲ್ಲಿ ಲಾರಿ ದೂರ ಕಾಣೋದ್ಯಾಕೆ? ಬಟ್ಟೆ ಅಂಗಡಿಯಿಂದ ಹೆದ್ದಾರಿವರೆಗೆ ಕನ್ನಡಿಗಳ ಲೆಕ್ಕಾಚಾರ

"ಕನ್ನಡೀಲಿ ನೋಡೇ ಗಾಡಿ ತಿರುಗಿಸಿದ್ದು, ಲಾರಿ ದೂರ ಇತ್ತು. ಅಷ್ಟರಲ್ಲಿ ಪಕ್ಕಕ್ಕೇ ಬಂದ್ಬಿಡ್ತು." ಹೆದ್ದಾರಿಯಲ್ಲಿ ಬಲಕ್ಕೆ ತಿರುಗುವಾಗ ಕೂದಲೆಳೆಯಲ್ಲಿ ಪಾರಾದ ಸವಾರರು ಹೀಗೆ ಹೇಳುವುದುಂಟು. ಅವರು ಸುಳ್ಳು ಹೇಳುತ್ತಿರುವುದಿಲ್ಲ. ಕಣ್ಣಿಗೆ ಲಾರಿ ದೂರವೇ ಕಂಡಿರುತ್ತದೆ. ಮನೆಯಲ್ಲಿ ತಲೆ ಬಾಚಿಕೊಳ್ಳುವ ಕನ್ನಡಿ ಬೇರೆ, ಬೈಕಿನ ಹ್ಯಾಂಡಲ್ ಮೇಲಿರುವ ಕನ್ನಡಿ ಬೇರೆ. ಅದು ಗೊತ್ತಿಲ್ಲದೇ ಇದ್ದರೆ ಅಪಾಯ.

ನಿಯಮ ಒಂದೇ, ಆಕಾರ ಮೂರು

ಕೇರಂ ಬೋರ್ಡಿನ ಅಂಚಿಗೆ ಸ್ಟ್ರೈಕರ್ ಓರೆಯಾಗಿ ಬಡಿದರೆ ಅಷ್ಟೇ ಓರೆಯಾಗಿ ಆಚೆ ಕಡೆಗೆ ಹೋಗುತ್ತದೆ. ಕನ್ನಡಿಗೆ ಬಿದ್ದ ಬೆಳಕೂ ಹಾಗೆಯೇ. ಬಿದ್ದ ಕೋನ ಎಷ್ಟೋ, ವಾಪಸ್ ಹೋಗುವ ಕೋನವೂ ಅಷ್ಟೇ. ಚಪ್ಪಟೆ ಇದ್ದರೆ ಸಮತಲ ದರ್ಪಣ, ಒಳಕ್ಕೆ ತಗ್ಗಿದ್ದರೆ ನಿಮ್ನ ದರ್ಪಣ, ಹೊರಕ್ಕೆ ಉಬ್ಬಿದ್ದರೆ ಪೀನ ದರ್ಪಣ. ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ ಎಲ್ಲರೂ ಓದಿದ ಪಾಠವೇ ಇದು.

ಮೂರನ್ನೂ ಮನೆಯಲ್ಲೇ ನೋಡಬಹುದು. ಹೊಳೆಯುವ ಸ್ಟೀಲ್ ಚಮಚದ ಹೊಟ್ಟೆಯೊಳಗೆ ನೋಡಿದರೆ ಮುಖ ತಲೆಕೆಳಗು. ತಿರುಗಿಸಿ ಬೆನ್ನಲ್ಲಿ ನೋಡಿದರೆ ಮುಖ ನೆಟ್ಟಗೆ, ಆದರೆ ಪುಟ್ಟದು. ಚಪ್ಪಟೆ ತಟ್ಟೆಯಲ್ಲಿ ಇದ್ದದ್ದು ಇದ್ದ ಹಾಗೆ.

ಬಟ್ಟೆ ಅಂಗಡಿಗೆ ಆಳೆತ್ತರದ ಕನ್ನಡಿ ಬೇಕಾ?

ಸಮತಲ ಕನ್ನಡಿಯಲ್ಲಿ ವಸ್ತು ಮುಂದೆ ಎಷ್ಟು ದೂರದಲ್ಲಿದೆಯೋ, ಪ್ರತಿಬಿಂಬ ಅಷ್ಟೇ ದೂರ ಹಿಂದೆ ಇರುವಂತೆ ಕಾಣುತ್ತದೆ. ಗಾತ್ರವೂ ಅಷ್ಟೇ. 8 ಅಡಿ ಅಗಲದ ಅಂಗಡಿಯ ಒಂದು ಪಕ್ಕದ ಗೋಡೆಗೆ ಪೂರ್ತಿ ಕನ್ನಡಿ ಹಾಕಿದರೆ 16 ಅಡಿ ಅಗಲ ಅನ್ನಿಸುವುದು ಇದೇ ಕಾರಣಕ್ಕೆ.

ತಲೆಯಿಂದ ಕಾಲಿನವರೆಗೆ ನೋಡಿಕೊಳ್ಳಲು ಆಳೆತ್ತರದ ಕನ್ನಡಿ ಬೇಕಿಲ್ಲ, ಎತ್ತರದ ಅರ್ಧ ಸಾಕು. ಐದೂವರೆ ಅಡಿಯ ಮನುಷ್ಯನಿಗೆ 2 ಅಡಿ 9 ಇಂಚು. ಪಾದದಿಂದ ಹೊರಟ ಬೆಳಕು ಕಣ್ಣು ಸೇರುವ ಮೊದಲು ಪಾದಕ್ಕೂ ಕಣ್ಣಿಗೂ ನಡುಮಧ್ಯದ ಎತ್ತರದಲ್ಲಿ ಕನ್ನಡಿಗೆ ಬಡಿಯುತ್ತದೆ. ಅದಕ್ಕಿಂತ ಕೆಳಗಿನ ಕನ್ನಡಿ ನೆಲವನ್ನಷ್ಟೇ ತೋರಿಸುತ್ತದೆ. ಗ್ರಾಹಕರು ಕುಳ್ಳಗೂ ಇರುತ್ತಾರೆ, ಎತ್ತರವೂ ಇರುತ್ತಾರೆ. ಹಾಗಾಗಿ ನೆಲದಿಂದ ಸುಮಾರು 2 ಅಡಿಗೆ ಶುರುವಾಗಿ 6 ಅಡಿಗೆ ಮುಗಿಯುವ 4 ಅಡಿ ಕನ್ನಡಿಯನ್ನು ಗೋಡೆಗೆ ನೆಟ್ಟಗೆ ಹಾಕಿಸಿದರೆ ದೊಡ್ಡವರಿಗೆಲ್ಲ ಸಾಕು. ಮಿಕ್ಕ ಗಾಜಿನ ದುಡ್ಡು ಉಳಿಯಿತು.

ಉಬ್ಬು ಕನ್ನಡಿ: ಲಾಭವೂ ಇದೆ, ಮೋಸವೂ ಇದೆ

ಉಬ್ಬಿದ ಕನ್ನಡಿಯಲ್ಲಿ ಪ್ರತಿಬಿಂಬ ಯಾವಾಗಲೂ ನೆಟ್ಟಗೆ, ಯಾವಾಗಲೂ ಚಿಕ್ಕದು. ಎಲ್ಲವೂ ಚಿಕ್ಕದಾಗುವುದರಿಂದ ಅಷ್ಟೇ ಜಾಗದಲ್ಲಿ ಹೆಚ್ಚು ನೋಟ ಹಿಡಿಸುತ್ತದೆ. ಸೂಪರ್ ಮಾರ್ಕೆಟ್ ಮೂಲೆಯಲ್ಲಿ, ರಸ್ತೆ ತಿರುವಿನಲ್ಲಿ, ವಾಹನಗಳ ಪಕ್ಕದಲ್ಲಿ ಇದನ್ನೇ ಹಾಕುವುದು ಅದಕ್ಕೆ.

ತೊಂದರೆ ಇರುವುದೂ ಅಲ್ಲೇ. ಚಿಕ್ಕದಾಗಿ ಕಂಡ ವಾಹನವನ್ನು ಮನಸ್ಸು ದೂರದ ವಾಹನ ಅಂತಲೇ ಓದಿಕೊಳ್ಳುತ್ತದೆ. ಒಂದು ಲೆಕ್ಕ ನೋಡಿ. ಕನ್ನಡಿಯ ವಕ್ರತಾ ತ್ರಿಜ್ಯ 1.2 ಮೀಟರ್, ಸವಾರನ ಕಣ್ಣಿನಿಂದ ಕನ್ನಡಿಗೆ 60 ಸೆಂಟಿಮೀಟರ್ ಇದೆ ಅಂದುಕೊಳ್ಳೋಣ. 50 ಮೀಟರ್ ಹಿಂದಿರುವ ಲಾರಿ, ಸುಮಾರು 100 ಮೀಟರ್ ದೂರದಲ್ಲಿದ್ದರೆ ಎಷ್ಟು ದೊಡ್ಡದಾಗಿ ಕಾಣುತ್ತಿತ್ತೋ ಅಷ್ಟೇ ಕಾಣುತ್ತದೆ. ಉಬ್ಬು ಹೆಚ್ಚಿದಷ್ಟೂ ಈ ವ್ಯತ್ಯಾಸ ಹೆಚ್ಚು.

ಗಂಟೆಗೆ 60 ಕಿಲೋಮೀಟರ್ ವೇಗದ ಲಾರಿ 100 ಮೀಟರ್ ಬರಲು 6 ಸೆಕೆಂಡ್ ಬೇಕು. 50 ಮೀಟರ್‌ಗೆ ಮೂರೇ ಸೆಕೆಂಡ್. ತಿರುಗಿ ರಸ್ತೆ ದಾಟಲು ನಾಲ್ಕೈದು ಸೆಕೆಂಡ್ ಹಿಡಿಯಿತು ಅಂದರೆ ಮುಂದಿನದ್ದು ಹೇಳಬೇಕಿಲ್ಲ. ಎಷ್ಟೋ ಕಾರುಗಳ ಪಕ್ಕದ ಕನ್ನಡಿ ಮೇಲೆ, ವಾಹನ ಕಾಣುವುದಕ್ಕಿಂತ ಹತ್ತಿರ ಇದೆ ಅಂತ ಇಂಗ್ಲಿಷ್‌ನಲ್ಲಿ ಬರೆದಿರುತ್ತದೆ. ಬೈಕ್ ಕನ್ನಡಿಗಳಲ್ಲಿ ಸಾಮಾನ್ಯವಾಗಿ ಅದೂ ಇರುವುದಿಲ್ಲ.

ಹಾಗಂತ ಕನ್ನಡಿ ಬಿಚ್ಚಿಟ್ಟರೆ ಇನ್ನೂ ಕೆಟ್ಟದ್ದು. ಹಿಂದೆ ವಾಹನ ಇದೆಯಾ ಇಲ್ಲವಾ ಅಂತ ತಿಳಿಯಲು ಕನ್ನಡಿ ಬೇಕೇ ಬೇಕು. ಎಷ್ಟು ದೂರ ಇದೆ ಅಂತ ತಿಳಿಯಲು ಮಾತ್ರ ಒಮ್ಮೆ ಕತ್ತು ತಿರುಗಿಸಿ ನೋಡಬೇಕು.

ತಗ್ಗು ಕನ್ನಡಿ: ಬಿಸಿಲಿನಲ್ಲಿ ಹುಷಾರು

ಒಳಕ್ಕೆ ತಗ್ಗಿದ ಕನ್ನಡಿ ನೇರವಾಗಿ ಬಂದ ಕಿರಣಗಳನ್ನು ಒಂದು ಬಿಂದುವಿಗೆ ಸೇರಿಸುತ್ತದೆ. ಆ ಬಿಂದುವಿಗೆ ಸಂಗಮ ಅಂತ ಹೆಸರು. ಮುಖ ಅದಕ್ಕಿಂತ ಕನ್ನಡಿಗೆ ಹತ್ತಿರ ಇದ್ದರೆ ನೆಟ್ಟಗೆ, ದೊಡ್ಡದಾಗಿ ಕಾಣುತ್ತದೆ. ಗಡ್ಡ ಬೋಳಿಸುವ, ಮೇಕಪ್ ಮಾಡುವ ದೊಡ್ಡದು ತೋರಿಸುವ ಕನ್ನಡಿ ಇದೇ. ದೂರ ಸರಿದರೆ ಪ್ರತಿಬಿಂಬ ತಲೆಕೆಳಗು. ಚಮಚದ ಒಳಗೆ ಕಂಡದ್ದು ಇದನ್ನೇ.

ಇದೇ ಗುಣವನ್ನು ಉಲ್ಟಾ ಬಳಸಿದರೆ ಟಾರ್ಚ್. ಬಲ್ಬನ್ನು ಸಂಗಮದಲ್ಲಿಟ್ಟರೆ ಬೆಳಕು ಚೆದುರದೆ ನೇರ ಹೋಗುತ್ತದೆ. ಮನೆ ಮೇಲಿನ ಟಿವಿ ಡಿಶ್ ಮಾಡುವುದೂ ಸಿಗ್ನಲ್ಲನ್ನು ಒಂದು ಕಡೆ ಸೇರಿಸುವ ಕೆಲಸವನ್ನೇ.

ಸೂರ್ಯನ ಬಿಸಿಲೂ ಹಾಗೆಯೇ ಒಂದು ಕಡೆ ಸೇರುತ್ತದೆ. ಫ್ಯಾನ್ಸಿ ಸ್ಟೋರ್‌ನವರು, ಬ್ಯೂಟಿ ಪಾರ್ಲರ್‌ನವರು ಇಂಥ ಕನ್ನಡಿಯನ್ನು ಬಿಸಿಲು ಬೀಳುವ ಕಡೆ ಬಿಟ್ಟರೆ ಎದುರಿನ ಬಟ್ಟೆ, ಕಾಗದ, ಪರದೆ ಹೊತ್ತಿಕೊಳ್ಳಬಹುದು. ಬಳಸದಾಗ ಮುಚ್ಚಿಡಿ, ಇಲ್ಲವೇ ಬೋರಲು ಹಾಕಿ.

ನೀವೇ ಪರೀಕ್ಷೆ ಮಾಡಿ

- ಬೈಕನ್ನು ಖಾಲಿ ಜಾಗದಲ್ಲಿ ನಿಲ್ಲಿಸಿ, ಮನೆಯವರೊಬ್ಬರನ್ನು ಹಿಂದೆ ಹದಿನೈದು ಹೆಜ್ಜೆ ದೂರ ನಿಲ್ಲಿಸಿ.
- ಸೀಟಿನ ಮೇಲೆ ಕೂತು ಮೊದಲು ಕನ್ನಡಿಯಲ್ಲಿ ನೋಡಿ, ಆಮೇಲೆ ತಿರುಗಿ ನೋಡಿ. ಕನ್ನಡಿಯಲ್ಲಿ ಚಿಕ್ಕದಾಗಿ ಕಂಡರೆ ಅದು ಉಬ್ಬು ಕನ್ನಡಿ.
- ಎಷ್ಟು ಚಿಕ್ಕದು ಅನ್ನೋದನ್ನು ಮನಸ್ಸಲ್ಲಿಟ್ಟುಕೊಳ್ಳಿ. ಹೊಸ ಕನ್ನಡಿ ಹಾಕಿಸಿದಾಗಲೂ ಒಮ್ಮೆ ಹೀಗೆ ನೋಡಿಕೊಳ್ಳಿ, ಎಲ್ಲದರ ಉಬ್ಬು ಒಂದೇ ಇರುವುದಿಲ್ಲ.

ಐದು ನಿಮಿಷದ ಕೆಲಸ. ಹೊಸದಾಗಿ ಗಾಡಿ ಕಲಿಯುತ್ತಿರುವ ಮಕ್ಕಳು ಮನೆಯಲ್ಲಿದ್ದರೆ ಅವರಿಂದ ಮೊದಲು ಮಾಡಿಸಿ.